ಶಾಲೆಯ ನೆಟ್‌ವರ್ಕ್ ಪ್ರಿಂಟರ್ ನಿಧಾನವೇ? ತಡ ಎಲ್ಲಿ ಆಗುತ್ತಿದೆ ಎಂದು ಹೀಗೆ ಪತ್ತೆ ಮಾಡಿ

"ಪ್ರಿಂಟ್ ಕೊಟ್ಟು ಐದು ನಿಮಿಷ ಆಯಿತು, ಹಾಳೆ ಇನ್ನೂ ಬಂದಿಲ್ಲ. ಪ್ರಿಂಟರ್ ಸರಿ ಇದೆ, ನೆಟ್‌ವರ್ಕೂ ಇದೆ. ಏನು ಮಾಡುವುದು?" ಶಾಲೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಪರೀಕ್ಷೆ ಹತ್ತಿರ ಬಂದಾಗಲಂತೂ ಇನ್ನೂ ಜಾಸ್ತಿ. ಹಾಗಾಗಿ ಇಡೀ ದಾರಿಯನ್ನು ಒಂದೇ ಕಡೆ ಬರೆಯುತ್ತಿದ್ದೇನೆ.

ನೀವು ಪ್ರಿಂಟ್ ಒತ್ತಿದ ಮೇಲೆ ಕೆಲಸ ನೇರವಾಗಿ ಪ್ರಿಂಟರ್‌ಗೆ ಹೋಗುವುದಿಲ್ಲ. ಮೊದಲು ವರ್ಡ್ ಅಥವಾ ಪಿಡಿಎಫ್ ರೀಡರ್ ಪುಟವನ್ನು ಸಿದ್ಧ ಮಾಡುತ್ತದೆ. ಡ್ರೈವರ್ ಎಂಬ ತಂತ್ರಾಂಶ ಅದನ್ನು ಪ್ರಿಂಟರ್‌ಗೆ ಅರ್ಥವಾಗುವ ಭಾಷೆಗೆ ಬದಲಿಸುತ್ತದೆ. ಸ್ಪೂಲರ್ ಅದನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಈ ಸಾಲೇ ಕ್ಯೂ. ನೆಟ್‌ವರ್ಕ್ ಅದನ್ನು ಸಾಗಿಸುತ್ತದೆ. ಕೊನೆಗೆ ಪ್ರಿಂಟರ್ ತನ್ನ ಮೆಮೊರಿಯಲ್ಲಿ ಪುಟದ ಚಿತ್ರ ಬಿಡಿಸಿ ಹಾಳೆಗೆ ಇಳಿಸುತ್ತದೆ. ಸಾಮಾನ್ಯವಾಗಿ ತಡ ಆಗುವುದು ಈ ಐದರಲ್ಲಿ ಒಂದು ಕಡೆ. ಅದು ಯಾವುದು ಅಂತ ತಿಳಿಯದೆ ಡ್ರೈವರ್ ಬದಲಿಸುವುದು, ಕೇಬಲ್ ಎಳೆಯುವುದು, ಹೊಸ ಪ್ರಿಂಟರ್ ತರಿಸುವುದು ಎಲ್ಲವೂ ಸುಮ್ನೆ ಖರ್ಚು.

ಕೈಯಲ್ಲಿ ಇರಬೇಕಾದದ್ದು

ಫೋನಿನ ಸ್ಟಾಪ್‌ವಾಚ್. ಒಂದು ನೋಟ್‌ಬುಕ್. ಪ್ರಿಂಟ್ ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್. ಪ್ರಿಂಟ್ ಸರ್ವರ್ ಅಂದರೆ ಎಲ್ಲರ ಕೆಲಸಗಳನ್ನು ತೆಗೆದುಕೊಂಡು ಪ್ರಿಂಟರ್‌ಗೆ ಕಳಿಸುವ ಕಂಪ್ಯೂಟರ್. ಒಂದು ಯುಎಸ್‌ಬಿ ಕೇಬಲ್, ಒಂದು ಒಳ್ಳೆಯ ನೆಟ್‌ವರ್ಕ್ ಕೇಬಲ್. ಪ್ರಿಂಟರ್‌ನ ಮೆನುವಿನಿಂದ ಕಾನ್ಫಿಗರೇಶನ್ ಪೇಜ್ ಮುದ್ರಿಸಿಕೊಳ್ಳಿ. ಅದರಲ್ಲಿ ಪ್ರಿಂಟರ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ), ಮೆಮೊರಿ, ನೆಟ್‌ವರ್ಕ್ ವೇಗ ಎಲ್ಲ ಇರುತ್ತದೆ.

ಇದರ ಜೊತೆ ಮೂರು ಫೈಲ್ ಇಟ್ಟುಕೊಳ್ಳಿ: ಬರೀ ಅಕ್ಷರ ಇರುವ ಒಂದು ಪುಟ, ಅಂಥದೇ ಹತ್ತು ಪುಟ, ಮತ್ತು "ಇದು ಬರುವುದೇ ಇಲ್ಲ" ಅಂತ ಶಿಕ್ಷಕರು ದೂರಿದ ಅದೇ ಫೈಲ್. ಮೂರನೆಯದನ್ನು ಬಿಡಬೇಡಿ. ಸ್ವಚ್ಛವಾದ ಟೆಸ್ಟ್ ಪೇಜ್ ಸರಾಗವಾಗಿ ಬಂದ ಮಾತ್ರಕ್ಕೆ ಅವರ ತೊಂದರೆ ಸುಳ್ಳು ಅಂತ ಆಗುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮಾಡಿದ ಮೇಲೆ ಮತ್ತೆ ಅಳೆಯಿರಿ. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಹಂತ 1: ಯಾರಿಗೆ, ಯಾವಾಗ, ಯಾವ ಫೈಲ್‌ಗೆ ಎಂದು ಕೇಳಿ

ಒಬ್ಬರಿಗೆ ಮಾತ್ರ ನಿಧಾನವೇ? ಹಾಗಾದರೆ ಅವರ ಕಂಪ್ಯೂಟರ್ ನೋಡಿ. ಒಂದೇ ಫೈಲ್ ನಿಧಾನವೇ? ಹಂತ 5ಕ್ಕೆ ಹೋಗಿ. ಒಂದೇ ಪ್ರಿಂಟರ್‌ಗೆ ಎಲ್ಲರ ಕೆಲಸವೂ ನಿಧಾನವೇ? ಆ ಪ್ರಿಂಟರ್, ಅದರ ಪೋರ್ಟ್ (ಕೆಲಸವನ್ನು ಯಾವ ವಿಳಾಸಕ್ಕೆ, ಹೇಗೆ ಕಳಿಸಬೇಕು ಎಂಬ ಸೆಟ್ಟಿಂಗ್) ಅಥವಾ ಅದರ ಕೇಬಲ್. ಎಲ್ಲ ಪ್ರಿಂಟರ್‌ಗಳೂ ನಿಧಾನವೇ? ಸರ್ವರ್ ಅಥವಾ ನಡುವಿನ ಸ್ವಿಚ್, ಅಂದರೆ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಬೆಳಿಗ್ಗೆಯ ಮೊದಲ ಪ್ರಿಂಟ್ ಮಾತ್ರ ತಡವೇ? ಪ್ರಿಂಟರ್ ನಿದ್ದೆಯಿಂದ ಏಳುತ್ತಿದೆ.

ತರಗತಿ ಮುಗಿಯುವ ಹೊತ್ತಿಗೆ ಮಾತ್ರ ನಿಧಾನವಾದರೆ ಮೊದಲು ಲೆಕ್ಕ ಹಾಕಿ. 40 ಮಕ್ಕಳು ತಲಾ 4 ಪುಟ ಕೊಟ್ಟರೆ 160 ಪುಟ. ಪ್ರಿಂಟರ್ ನಿಮಿಷಕ್ಕೆ 30 ಪುಟದ್ದಾದರೆ ಎಲ್ಲವೂ ಸರಿಯಿದ್ದರೂ ಐದು ನಿಮಿಷಕ್ಕಿಂತ ಜಾಸ್ತಿ ಬೇಕು. ಕೊನೆಯಲ್ಲಿ ನಿಂತ ಮಗುವಿಗೆ ಅದು ತಡವಾಗಿಯೇ ಕಾಣುತ್ತದೆ, ಅಲ್ವಾ? ಇಲ್ಲಿ ಕೆಟ್ಟಿರುವುದು ಏನೂ ಇಲ್ಲ. ಹಂತ 9 ನೋಡಿ.

ಹಂತ 2: ಸ್ಟಾಪ್‌ವಾಚ್ ಹಿಡಿದು ನಾಲ್ಕು ಸಮಯ ಬರೆಯಿರಿ

ಇಡೀ ಕೆಲಸದಲ್ಲಿ ನಾನು ಅತಿ ಮುಖ್ಯ ಅಂದುಕೊಂಡಿರುವ ಹಂತ ಇದು. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ.

ಮೂರು ಫೈಲ್‌ಗಳನ್ನೂ ಒಂದೊಂದಾಗಿ ಪ್ರಿಂಟ್ ಕೊಡಿ. ಕ್ಯೂ ಕಿಟಕಿ ತೆರೆದಿಟ್ಟುಕೊಳ್ಳಿ. ಪ್ರಿಂಟರ್ ಬಳಿ ಒಬ್ಬರನ್ನು ನಿಲ್ಲಿಸಿ. ಬರೆಯಬೇಕಾದದ್ದು:

ಅ. ಬಟನ್ ಒತ್ತಿದಾಗಿನಿಂದ ಕೆಲಸ ಕ್ಯೂನಲ್ಲಿ ಕಾಣುವವರೆಗೆ.
ಆ. ಕ್ಯೂನಲ್ಲಿ ಕಂಡಾಗಿನಿಂದ ಪ್ರಿಂಟರ್‌ನ ದೀಪ ಮಿನುಗುವವರೆಗೆ.
ಇ. ದೀಪ ಮಿನುಗಿದಾಗಿನಿಂದ ಮೊದಲ ಹಾಳೆ ಬರುವವರೆಗೆ.
ಈ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ.

'ಅ' ಉದ್ದವಾಗಿದ್ದರೆ ತೊಂದರೆ ಕಂಪ್ಯೂಟರ್‌ನಲ್ಲಿ, ಡ್ರೈವರ್‌ನಲ್ಲಿ ಅಥವಾ ಸರ್ವರ್ ಜೊತೆಗಿನ ಸಂಪರ್ಕದಲ್ಲಿ. 'ಆ' ಉದ್ದವಾದರೆ ಸ್ಪೂಲರ್, ಪೋರ್ಟ್ ಅಥವಾ ವಿಳಾಸ. 'ಇ' ಉದ್ದವಾದರೆ ಫೈಲ್ ತುಂಬ ಭಾರ, ಇಲ್ಲವೇ ನೆಟ್‌ವರ್ಕ್ ನಿಧಾನ, ಇಲ್ಲವೇ ಪ್ರಿಂಟರ್‌ನ ಮೆಮೊರಿ ಸಾಲದು. ಬರೀ ಅಕ್ಷರದ ಹತ್ತು ಪುಟಗಳಿಗೇ 'ಈ' ಉದ್ದವಾದರೆ ಪ್ರಿಂಟರ್‌ನ ಒಳಗಿನ ಸೆಟ್ಟಿಂಗ್.

ಸರ್ವರ್ ವಿಂಡೋಸ್ ಆಗಿದ್ದರೆ ಇನ್ನೊಂದು ಸಹಾಯ ಇದೆ. ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ಸ್ ಆಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಪ್ರಿಂಟ್‌ಸರ್ವಿಸ್ ಒಳಗೆ ಹೋಗಿ. ಅಲ್ಲಿ ಆಪರೇಷನಲ್ ಎಂಬ ಲಾಗ್ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಬಲ ಕ್ಲಿಕ್ ಮಾಡಿ ಎನೇಬಲ್ ಮಾಡಿ. ಆಮೇಲೆ ಮುದ್ರಣವಾದ ಪ್ರತಿ ಕೆಲಸಕ್ಕೂ 307 ಸಂಖ್ಯೆಯ ಒಂದು ದಾಖಲೆ ಬರುತ್ತದೆ. ಯಾರ ಕೆಲಸ, ಯಾವ ಪೋರ್ಟ್, ಎಷ್ಟು ಪುಟ, ಎಷ್ಟು ಬೈಟ್ ಎಲ್ಲ ಅದರಲ್ಲಿದೆ. ಎರಡು ಪುಟದ ಕೆಲಸ 200 ಎಂಬಿ ಅಂತ ಅಲ್ಲಿ ಕಂಡರೆ ಕೇಬಲ್ ಹುಡುಕುವ ಮೊದಲು ಆ ಫೈಲನ್ನೇ ನೋಡಬೇಕು.

ಹಂತ 3: ಅಡ್ಡದಾರಿ ಹಿಡಿದು ನೋಡಿ

ನಿಧಾನವಾದ ಆ ಫೈಲನ್ನು ಲ್ಯಾಪ್‌ಟಾಪ್‌ಗೆ ಹಾಕಿ, ಯುಎಸ್‌ಬಿ ಕೇಬಲ್‌ನಿಂದ ನೇರ ಪ್ರಿಂಟರ್‌ಗೆ ಕೊಡಿ. ಅಲ್ಲೂ ನಿಧಾನವಾದರೆ ನೆಟ್‌ವರ್ಕ್ ಮೇಲಿನ ಅನುಮಾನ ಬಹುಪಾಲು ಹೋಯಿತು. ಬೇಗ ಬಂದರೆ ಅದೇ ಫೈಲನ್ನು ಸರ್ವರ್‌ನಿಂದಲೇ ಕೊಟ್ಟು ನೋಡಿ. ಸರ್ವರ್‌ನಿಂದ ಬೇಗ, ಲ್ಯಾಬ್‌ನಿಂದ ನಿಧಾನ ಅಂದರೆ ತೊಂದರೆ ಲ್ಯಾಬ್ ಮತ್ತು ಸರ್ವರ್ ನಡುವೆ ಇದೆ.

ಹೋಲಿಸುವಾಗ ಡ್ರೈವರ್ ಒಂದೇ ಇರಲಿ. ಯುಎಸ್‌ಬಿ ಚುಚ್ಚಿದಾಗ ವಿಂಡೋಸ್ ತಾನೇ ಬೇರೆ ಡ್ರೈವರ್ ಹಾಕಿಕೊಳ್ಳಬಹುದು. ಆಗ ನೀವು ಹೋಲಿಸುವುದು ಕೇಬಲ್‌ಗಳನ್ನಲ್ಲ, ಡ್ರೈವರ್‌ಗಳನ್ನು.

ಹಂತ 4: ಪೋರ್ಟ್ ಮತ್ತು ವಿಳಾಸ ಸರಿಪಡಿಸಿ

ಸರ್ವರ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಪೋರ್ಟ್ಸ್ ಟ್ಯಾಬ್ ನೋಡಿ. ಟಿಕ್ ಇರುವ ಸಾಲಿನಲ್ಲಿ ಡಬ್ಲ್ಯುಎಸ್‌ಡಿ ಅಂತ ಇದ್ದರೆ ಮೊದಲ ಅನುಮಾನ ಅದರ ಮೇಲೇ ಇಡಿ. ಪ್ರಿಂಟರನ್ನು ತಾನೇ ಹುಡುಕಿ ಸೇರಿಸಿಕೊಳ್ಳುವ ವ್ಯವಸ್ಥೆ ಅದು. ಮನೆಯಲ್ಲಿ ಅನುಕೂಲ. ದೊಡ್ಡ ನೆಟ್‌ವರ್ಕ್‌ನಲ್ಲಿ ಹುಡುಕಾಟವೇ ತಡವಾಗಬಹುದು, ಪ್ರಿಂಟರ್ ಇದ್ದರೂ ಆಫ್‌ಲೈನ್ ಅಂತ ತೋರಿಸಬಹುದು. ಶಾಲೆಗೆ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಹಾಕಿ. ಪ್ರೋಟೋಕಾಲ್ ರಾ, ಪೋರ್ಟ್ ಸಂಖ್ಯೆ 9100.

ಹಳೆಯ ಪೋರ್ಟ್ ಎಲ್‌ಪಿಆರ್ (ಪ್ರಿಂಟರ್‌ಗೆ ಕೆಲಸ ಕಳಿಸುವ ಹಳೆಯ ವಿಧಾನ) ಆಗಿದ್ದು, ಅದರಲ್ಲಿ ಬೈಟ್ ಕೌಂಟಿಂಗ್ ಆನ್ ಆಗಿದ್ದರೆ ಸರ್ವರ್ ಇಡೀ ಕೆಲಸದ ಗಾತ್ರ ಎಣಿಸಿದ ಮೇಲೆಯೇ ಕಳಿಸುತ್ತದೆ. ದೊಡ್ಡ ಫೈಲ್‌ಗಳಿಗೆ ಇದರಿಂದ ತಡ ಜಾಸ್ತಿ. ಪ್ರಿಂಟರ್ ಅದನ್ನು ಕೇಳದಿದ್ದರೆ ಆಫ್ ಮಾಡಿ.

ಪೋರ್ಟ್ಸ್ ಟ್ಯಾಬ್‌ನ ಕಾನ್ಫಿಗರ್ ಪೋರ್ಟ್ ಒತ್ತಿದರೆ ತೆರೆಯುವ ಕಿಟಕಿಯಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ ಎಂಬ ಟಿಕ್ ಇದೆ. ಪ್ರಿಂಟರ್ ಹೇಗಿದೆ ಅಂತ ಆಗಾಗ ಕೇಳುವ ವಿಧಾನ ಇದು. ಪ್ರಿಂಟರ್‌ನಲ್ಲಿ ಎಸ್‌ಎನ್‌ಎಂಪಿ ಬಂದ್ ಆಗಿದ್ದರೆ ಅಥವಾ ಎರಡೂ ಕಡೆಯ ಕಮ್ಯೂನಿಟಿ ಹೆಸರು (ಪಾಸ್‌ವರ್ಡ್‌ನಂಥ ಪದ) ಬೇರೆ ಇದ್ದರೆ ಉತ್ತರ ಬರುವುದಿಲ್ಲ. ಆಗ ವಿಂಡೋಸ್ ಚೆನ್ನಾಗಿರುವ ಪ್ರಿಂಟರನ್ನೂ ಆಫ್‌ಲೈನ್ ಅಂದುಕೊಂಡು ಕೆಲಸವನ್ನು ಕ್ಯೂನಲ್ಲೇ ಕೂರಿಸುತ್ತದೆ. ಎರಡೂ ಕಡೆ ಹೊಂದಿಸಿ, ಇಲ್ಲವೇ ಟಿಕ್ ತೆಗೆದು ನೋಡಿ.

ಇನ್ನು ವಿಳಾಸ. ಪೋರ್ಟ್‌ನಲ್ಲಿರುವ ಐಪಿ ಮತ್ತು ಕಾನ್ಫಿಗರೇಶನ್ ಪೇಜ್‌ನ ಐಪಿ ಒಂದೇ ತಾನೇ? ಪ್ರಿಂಟರ್‌ಗೆ ವಿಳಾಸ ಬದಲಾಗದಂತೆ ಡಿಎಚ್‌ಸಿಪಿಯಲ್ಲಿ ರಿಸರ್ವೇಶನ್ ಮಾಡಿ. ಡಿಎಚ್‌ಸಿಪಿ ಅಂದರೆ ಸಾಧನಗಳಿಗೆ ವಿಳಾಸ ಹಂಚುವ ಸೇವೆ. ಆಮೇಲೆ ಪ್ರಿಂಟರನ್ನು ಪೂರ್ತಿ ಆಫ್ ಮಾಡಿ ಅದರ ವಿಳಾಸಕ್ಕೆ ಪಿಂಗ್ ಕೊಡಿ. ಆ ವಿಳಾಸದಿಂದ ಉತ್ತರ ಬರುತ್ತದೆಯಾ ಅಂತ ನೋಡುವ ಆಜ್ಞೆ ಇದು. ಆಫ್ ಆದ ಮೇಲೂ ಉತ್ತರ ಬಂತೇ? ಅದೇ ವಿಳಾಸವನ್ನು ಇನ್ಯಾವುದೋ ಸಾಧನ ಇಟ್ಟುಕೊಂಡಿದೆ. ಒಮ್ಮೆ ಬಂದು ಒಮ್ಮೆ ಬಾರದ ಪ್ರಿಂಟ್‌ಗಳಿಗೆ ಇದು ದೊಡ್ಡ ಕಾರಣ.

ಕೆಲವು ಶಾಲೆಗಳಲ್ಲಿ ಸರ್ವರ್ ಇರುವುದಿಲ್ಲ. ಲ್ಯಾಬ್‌ನ ಪ್ರತಿ ಕಂಪ್ಯೂಟರೂ ನೇರ ಪ್ರಿಂಟರ್‌ನ ಐಪಿಗೆ ಕಳಿಸುತ್ತದೆ. ಬಹಳಷ್ಟು ಪ್ರಿಂಟರ್‌ಗಳು ಒಂದು ಸಲಕ್ಕೆ ಒಂದೇ ಕೆಲಸ ತೆಗೆದುಕೊಳ್ಳುತ್ತವೆ. ಉಳಿದ ಕಂಪ್ಯೂಟರ್‌ಗಳು ಬಿಟ್ಟು ಬಿಟ್ಟು ಮತ್ತೆ ಪ್ರಯತ್ನಿಸುತ್ತವೆ. ಯಾರ ಸರದಿ ಯಾವಾಗ ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಂಥ ಕಡೆ ಒಂದು ಸಾಧಾರಣ ಕಂಪ್ಯೂಟರನ್ನಾದರೂ ಪ್ರಿಂಟ್ ಸರ್ವರ್ ಮಾಡಿ ಅನ್ನುವುದು ನನ್ನ ಸಲಹೆ.

ಹಂತ 5: ಫೈಲ್ ಮತ್ತು ಡ್ರೈವರ್

ಎ4 ಹಾಳೆಯ ಒಂದು ಬಣ್ಣದ ಪುಟವನ್ನು 600 ಡಿಪಿಐನಲ್ಲಿ ಪೂರ್ತಿ ಚಿತ್ರವಾಗಿ ಬಿಡಿಸಿದರೆ ಸುಮಾರು 3.5 ಕೋಟಿ ಚುಕ್ಕೆ ಆಗುತ್ತದೆ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಎಂಬ ಲೆಕ್ಕ. ಒಂದು ಚುಕ್ಕೆಗೆ 3 ಬೈಟ್ ಹಿಡಿದರೆ ಒಂದೇ ಪುಟ 100 ಎಂಬಿ ದಾಟುತ್ತದೆ. 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್; 8 ಬಿಟ್ ಸೇರಿದರೆ 1 ಬೈಟ್) ನೆಟ್‌ವರ್ಕ್ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಸಾಗಿಸುತ್ತದೆ. ಅಂದರೆ ಒಂದು ಪುಟಕ್ಕೆ 8 ಸೆಕೆಂಡ್. ಡ್ರೈವರ್ ಇದನ್ನು ಕುಗ್ಗಿಸಿಯೇ ಕಳಿಸುತ್ತದೆ, ನಿಜ. ಆದರೂ ಬರೀ ಅಕ್ಷರದ ಪುಟಕ್ಕೂ ಇದಕ್ಕೂ ಇರುವ ಅಂತರ ತುಂಬ ದೊಡ್ಡದು.

ಶಾಲೆಯಲ್ಲಿ ಇಂಥ ಫೈಲ್ ಎಲ್ಲಿಂದ ಬರುತ್ತದೆ? ಹಳೆಯ ಪ್ರಶ್ನೆಪತ್ರಿಕೆಯನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್. ಫೋನಿನಲ್ಲಿ ತೆಗೆದ ಫೋಟೋಗಳನ್ನು ವರ್ಡ್‌ಗೆ ಹಾಕಿ ಮೂಲೆ ಎಳೆದು ಚಿಕ್ಕದು ಮಾಡಿದ ವರ್ಕ್‌ಶೀಟ್. ಫೋಟೋ ಪುಟದಲ್ಲಿ ಚಿಕ್ಕದಾಗಿ ಕಂಡರೂ ಒಳಗೆ ಮೊದಲಿನ ಗಾತ್ರವೇ ಇರುತ್ತದೆ. ಕಂಪ್ರೆಸ್ ಪಿಕ್ಚರ್ಸ್ ಬಳಸಲು ಶಿಕ್ಷಕರಿಗೆ ತೋರಿಸಿಕೊಡಿ. ಅಕ್ಷರದ ಕಾಗದವನ್ನು ಕಪ್ಪು ಬಿಳುಪಿನಲ್ಲಿ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸಾಕು. ಪಿಡಿಎಫ್ ರೀಡರ್‌ನಲ್ಲಿ ಪ್ರಿಂಟ್ ಆಸ್ ಇಮೇಜ್ ಎಂಬ ಟಿಕ್ ಹಿಂದೆ ಯಾವತ್ತೋ ಹಾಕಿದ್ದು ಹಾಗೇ ಉಳಿದಿದೆಯಾ ಅಂತಲೂ ನೋಡಿ. ಅದು ಆನ್ ಇದ್ದರೆ ಬರೀ ಅಕ್ಷರವೂ ಚಿತ್ರವಾಗಿ ಹೋಗುತ್ತದೆ.

ಪ್ರತಿಗಳ ವಿಷಯ ಬಹಳ ಕಡೆ ಕಣ್ಣಿಗೇ ಬೀಳುವುದಿಲ್ಲ. ನಾಲ್ಕು ಪುಟದ ಪ್ರಶ್ನೆಪತ್ರಿಕೆಯನ್ನು 45 ಪ್ರತಿ, ಜೋಡಿಸಿದ ಕ್ರಮದಲ್ಲಿ ಕೇಳಿದ್ದೀರಿ ಅನ್ನಿ. ಪ್ರಿಂಟರ್‌ಗೆ ಸಾಕಷ್ಟು ಮೆಮೊರಿ ಇದ್ದರೆ ಫೈಲ್ ಒಮ್ಮೆ ಹೋಗುತ್ತದೆ, ಪ್ರತಿಗಳನ್ನು ಅದೇ ತೆಗೆಯುತ್ತದೆ. ಇಲ್ಲದಿದ್ದರೆ ಅಥವಾ ಡ್ರೈವರ್‌ಗೆ ಮೆಮೊರಿ ಇರುವುದು ಗೊತ್ತಿಲ್ಲದಿದ್ದರೆ ಅದೇ ಡೇಟಾ 45 ಸಲ ಹೋಗುತ್ತದೆ. ಒಂದು ಪ್ರತಿ ಕೊಟ್ಟು, ಆಮೇಲೆ ಐದು ಪ್ರತಿ ಕೊಟ್ಟು, 307 ದಾಖಲೆಯಲ್ಲಿ ಬೈಟ್ ಹೋಲಿಸಿ. ಐದು ಪಟ್ಟು ಆಗಿದ್ದರೆ ಡಿವೈಸ್ ಸೆಟ್ಟಿಂಗ್ಸ್ ಟ್ಯಾಬ್‌ಗೆ ಹೋಗಿ ಮೆಮೊರಿಯ ಗಾತ್ರ ಸರಿಯಾಗಿ ತುಂಬಿ. ಎಚ್‌ಪಿ ಪ್ರಿಂಟರ್‌ಗಳಲ್ಲಿ ಅಲ್ಲೇ ಮೋಪಿಯರ್ (ಪ್ರತಿಗಳನ್ನು ಪ್ರಿಂಟರೇ ತೆಗೆಯುವ ವಿಧಾನ) ಎಂಬ ಆಯ್ಕೆ ಇರುತ್ತದೆ, ಅದನ್ನು ಎನೇಬಲ್ ಮಾಡಿ.

ಡ್ರೈವರ್ ಬದಲಿಸಿ ನೋಡಬೇಕೆಂದರೆ ಇರುವ ಕ್ಯೂ ಮುಟ್ಟಬೇಡಿ. ಅದೇ ಪೋರ್ಟ್‌ಗೆ ಇನ್ನೊಂದು ಕ್ಯೂ ಮಾಡಿ, ಬೇರೆ ಡ್ರೈವರ್ ಹಾಕಿ, ಅದೇ ಫೈಲ್ ಕೊಟ್ಟು ಅಳೆಯಿರಿ. ಒಂದೇ ಪ್ರಿಂಟರ್‌ಗೆ ಸಾಮಾನ್ಯವಾಗಿ ಪಿಸಿಎಲ್ 6 ಮತ್ತು ಪೋಸ್ಟ್‌ಸ್ಕ್ರಿಪ್ಟ್ ಎರಡೂ ಸಿಗುತ್ತವೆ. ಇವು ಪ್ರಿಂಟರ್‌ನ ಎರಡು ಭಾಷೆಗಳು. ದಿನನಿತ್ಯದ ಕಚೇರಿ ಫೈಲ್‌ಗಳಿಗೆ ನಾನು ಪಿಸಿಎಲ್ 6ರಿಂದ ಶುರು ಮಾಡುತ್ತೇನೆ. ವಿನ್ಯಾಸ ಜಾಸ್ತಿ ಇರುವ ಪಿಡಿಎಫ್‌ಗೆ ಪೋಸ್ಟ್‌ಸ್ಕ್ರಿಪ್ಟ್ ಕೊಟ್ಟು ನೋಡುವುದು ಒಳ್ಳೆಯದು. ಎಲ್ಲ ಮಾದರಿಗೂ ಆಗುವ ಯೂನಿವರ್ಸಲ್ ಡ್ರೈವರ್ ನಿಧಾನವಾದರೆ ನಿಮ್ಮ ಮಾದರಿಯದೇ ಡ್ರೈವರ್ ಹಾಕಿ ಹೋಲಿಸಿ.

ಒಂದು ಎಚ್ಚರಿಕೆ. 2021ರ ಜುಲೈನಲ್ಲಿ ವಿಂಡೋಸ್ ಸ್ಪೂಲರ್‌ನಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಗಂಭೀರ ದೋಷ ಬೆಳಕಿಗೆ ಬಂತು. ಅದೇ ವರ್ಷದ ಆಗಸ್ಟ್ ಅಪ್‌ಡೇಟ್‌ನಿಂದ ಡ್ರೈವರ್ ಹಾಕಲು ಅಡ್ಮಿನ್ ಅನುಮತಿ ಬೇಕು. ಮಕ್ಕಳ ಲಾಗಿನ್‌ನಲ್ಲಿ ಪ್ರಿಂಟರ್ ಸೇರಿಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಈ ರಕ್ಷಣೆಯನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ತೆಗೆದುಹಾಕುವ ಸಲಹೆ ಹಲವು ಕಡೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಡ್ರೈವರನ್ನು ಅಡ್ಮಿನ್ ಆಗಿ ಎಲ್ಲ ಕಂಪ್ಯೂಟರ್‌ಗೂ ಮೊದಲೇ ಹಾಕಿಡಿ.

ಹಂತ 6: ಸ್ಪೂಲರ್ ಮತ್ತು ಸರ್ವರ್

ಸರ್ವರ್‌ನ ಡಿಸ್ಕ್‌ನಲ್ಲಿ ಜಾಗ ಇದೆಯಾ ನೋಡಿ. ಪ್ರಿಂಟ್ ಆಗಬೇಕಾದ ಕೆಲಸಗಳು ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಒಳಗೆ ಕೂತಿರುತ್ತವೆ. ಆಂಟಿವೈರಸ್ ಆ ಫೋಲ್ಡರ್‌ಗೆ ಬರುವ ಪ್ರತಿ ಫೈಲನ್ನೂ ತಪಾಸಿಸುತ್ತಿದ್ದರೆ ತಡ ಆಗಬಹುದು. ಆ ಒಂದು ಫೋಲ್ಡರ್‌ಗೆ ಮಾತ್ರ ವಿನಾಯಿತಿ ಕೊಟ್ಟು ಅಳೆಯಿರಿ. ವ್ಯತ್ಯಾಸ ಕಾಣದಿದ್ದರೆ ವಿನಾಯಿತಿ ವಾಪಸ್ ತೆಗೆಯಿರಿ.

ಹಾಳಾದ ಕೆಲಸವೊಂದು ಕ್ಯೂನ ಮುಂದೆ ಸಿಕ್ಕಿಕೊಂಡಿದ್ದರೆ ಹಿಂದಿನವೆಲ್ಲ ನಿಲ್ಲುತ್ತವೆ. ಡಿಲೀಟ್ ಆಗದಿದ್ದರೆ ಪ್ರಿಂಟ್ ಸ್ಪೂಲರ್ ಸೇವೆ ನಿಲ್ಲಿಸಿ, ಮೇಲಿನ ಫೋಲ್ಡರ್‌ನ ಒಳಗಿನ ಫೈಲ್‌ಗಳನ್ನು ಅಳಿಸಿ, ಸೇವೆ ಮತ್ತೆ ಶುರು ಮಾಡಿ. ಫೋಲ್ಡರನ್ನೇ ಅಳಿಸಬೇಡಿ. ಹೀಗೆ ಮಾಡಿದರೆ ಆ ಸರ್ವರ್‌ನ ಎಲ್ಲ ಪ್ರಿಂಟರ್‌ಗಳ ಬಾಕಿ ಕೆಲಸವೂ ಹೋಗುತ್ತದೆ. ಮೊದಲೇ ಎಲ್ಲರಿಗೂ ಹೇಳಿ.

ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಪ್ರಿಂಟ್ ಡೈರೆಕ್ಟ್ಲಿ ಟು ದ ಪ್ರಿಂಟರ್ ಆಯ್ಕೆ ಮಾಡಿದರೆ ಬೇಗ ಆಗುತ್ತದೆ ಅಂತ ಅನಿಸುತ್ತದೆ. ನಿಜದಲ್ಲಿ ಪ್ರಿಂಟ್ ಪೂರ್ತಿ ಹೋಗುವವರೆಗೆ ವರ್ಡ್ ಕೈ ಬಿಡುವುದಿಲ್ಲ. ಎಲ್ಲರೂ ಹಂಚಿಕೊಳ್ಳುವ ಪ್ರಿಂಟರ್‌ಗೆ ಅದು ಬೇಡ. ಲ್ಯಾಬ್‌ನಲ್ಲಿ ಹಳೆಯ ನಿಧಾನದ ಕಂಪ್ಯೂಟರ್‌ಗಳಿದ್ದರೆ ಕೊನೆಯ ಪುಟ ಸ್ಪೂಲ್ ಆದ ಮೇಲೆ ಶುರು ಮಾಡು ಎಂಬ ಆಯ್ಕೆ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಒಂದು ಹಳೆಯ ಕಂಪ್ಯೂಟರ್ ಪುಟ ಪುಟವಾಗಿ ತಯಾರಿಸುವವರೆಗೂ ಪ್ರಿಂಟರ್ ಅದಕ್ಕೇ ಕಾಯುತ್ತದೆ.

ಶೇರಿಂಗ್ ಟ್ಯಾಬ್‌ನ ರೆಂಡರ್ ಪ್ರಿಂಟ್ ಜಾಬ್ಸ್ ಆನ್ ಕ್ಲೈಂಟ್ ಕಂಪ್ಯೂಟರ್ಸ್ ಎಂಬುದು ಪುಟ ತಯಾರಿಸುವ ಭಾರ ಯಾರ ಮೇಲೆ ಅಂತ ನಿರ್ಧರಿಸುತ್ತದೆ. ಸರ್ವರ್ ದುರ್ಬಲವಾದರೆ ಟಿಕ್ ಇರಲಿ. ಸರ್ವರ್ ಗಟ್ಟಿ, ಲ್ಯಾಬ್ ಹಳೆಯದು ಅಂದರೆ ತೆಗೆದು ನೋಡಿ.

ಲಿನಕ್ಸ್ ಸರ್ವರ್‌ನಲ್ಲಿ ಕಪ್ಸ್ ಎಂಬ ತಂತ್ರಾಂಶ ಸ್ಪೂಲರ್‌ನ ಕೆಲಸ ಮಾಡುತ್ತದೆ. ಅದರ ಎರರ್ ಲಾಗ್‌ನ ಮಟ್ಟವನ್ನು ಡಿಬಗ್‌ಗೆ ಏರಿಸಿದರೆ ಯಾವ ಫಿಲ್ಟರ್‌ಗೆ (ಫೈಲನ್ನು ಪ್ರಿಂಟರ್‌ನ ಭಾಷೆಗೆ ಬದಲಿಸುವ ಭಾಗ) ಎಷ್ಟು ಹೊತ್ತು ಹಿಡಿಯಿತು ಅಂತ ಕಾಣುತ್ತದೆ. ಅಳೆದು ಮುಗಿದ ಮೇಲೆ ಮಟ್ಟವನ್ನು ಮತ್ತೆ ಇಳಿಸಿ.

ಹಂತ 7: ಕಂಪ್ಯೂಟರ್‌ಗಳಲ್ಲಿ ಉಳಿದ ಹಳೆಯ ಪ್ರಿಂಟರ್‌ಗಳು

ವರ್ಡ್ ತೆರೆಯುವುದೇ ತಡ, ಪ್ರಿಂಟ್ ಕಿಟಕಿ ಬರಲು ಅರ್ಧ ನಿಮಿಷ ಅಂದರೆ ಡೀಫಾಲ್ಟ್ ಪ್ರಿಂಟರ್ ಯಾವುದು ನೋಡಿ. ಈಗ ಇಲ್ಲದ ಪ್ರಿಂಟರ್ ಅಥವಾ ನಿಂತುಹೋದ ಸರ್ವರ್‌ನ ಹೆಸರು ಅಲ್ಲಿದ್ದರೆ ಪ್ರೋಗ್ರಾಂ ಅದರ ಉತ್ತರಕ್ಕೆ ಕಾಯುತ್ತದೆ. ಸತ್ತ ಹೆಸರುಗಳನ್ನೆಲ್ಲ ತೆಗೆಯಿರಿ.

ಗ್ರೂಪ್ ಪಾಲಿಸಿ (ಎಲ್ಲ ಕಂಪ್ಯೂಟರ್‌ಗಳಿಗೂ ಸರ್ವರ್‌ನಿಂದಲೇ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಮೂಲಕ ಪ್ರಿಂಟರ್ ಹಂಚುತ್ತಿದ್ದರೆ ಆಕ್ಷನ್ ಎಂಬಲ್ಲಿ ರಿಪ್ಲೇಸ್ ಇದೆಯಾ ನೋಡಿ. ಅದು ಪಾಲಿಸಿ ಜಾರಿಯಾದಾಗಲೆಲ್ಲ ಪ್ರಿಂಟರನ್ನು ಅಳಿಸಿ ಹೊಸದಾಗಿ ಹಾಕುತ್ತದೆ. ಇಡೀ ತರಗತಿ ಒಟ್ಟಿಗೆ ಲಾಗಿನ್ ಆದಾಗ ಸರ್ವರ್ ಒದ್ದಾಡುತ್ತದೆ. ಅಪ್‌ಡೇಟ್ ಅಂತ ಬದಲಿಸಿ.

ಹಂತ 8: ಕೇಬಲ್, ಸ್ವಿಚ್, ವೈಫೈ, ಪ್ರಿಂಟರ್

ಪಿಂಗ್ ಚೆನ್ನಾಗಿ ಬರುತ್ತಿದೆ, ಆದ್ದರಿಂದ ನೆಟ್‌ವರ್ಕ್ ಸರಿ ಇದೆ ಅಂತ ತೀರ್ಮಾನಿಸಬೇಡಿ. ಪಿಂಗ್ ಕಳಿಸುವುದು ಸಣ್ಣ ಸಣ್ಣ ಪ್ಯಾಕೆಟ್. ಡ್ಯುಪ್ಲೆಕ್ಸ್ ಹೊಂದಿಕೆ ತಪ್ಪಿದ ಲಿಂಕ್‌ನಲ್ಲೂ ಅದು ಸರಾಗವಾಗಿ ಹೋಗುತ್ತದೆ. ಏನಿದು ತಪ್ಪಿದ ಹೊಂದಿಕೆ? ಒಂದು ತುದಿಯನ್ನು 100 ಎಂಬಿಪಿಎಸ್ ಫುಲ್ ಡ್ಯುಪ್ಲೆಕ್ಸ್ ಅಂತ ಕೈಯಿಂದ ಕೂರಿಸಿ, ಇನ್ನೊಂದು ತುದಿಯನ್ನು ಆಟೋದಲ್ಲಿ ಬಿಟ್ಟರೆ ಆಟೋ ತುದಿ ಹಾಫ್‌ಗೆ ಇಳಿಯುತ್ತದೆ. ಒಂದು ಕಡೆ ಮಾತಾಡುತ್ತಲೇ ಕೇಳುತ್ತದೆ, ಇನ್ನೊಂದು ಕಡೆ ಸರದಿಗೆ ಕಾಯುತ್ತದೆ. ಡೇಟಾ ಜಾಸ್ತಿ ಆದಾಗ ಡಿಕ್ಕಿಯಾಗಿ ಎಲ್ಲ ತೆವಳುತ್ತದೆ. ಎರಡೂ ಕಡೆ ಆಟೋ ಇಡಿ. ಸ್ವಿಚ್‌ನ ಆ ಪೋರ್ಟ್‌ನಲ್ಲಿ (ಇಲ್ಲಿ ಪೋರ್ಟ್ ಅಂದರೆ ಕೇಬಲ್ ಚುಚ್ಚುವ ಜಾಗ) ಸಿಆರ್‌ಸಿ ಎರರ್, ಲೇಟ್ ಕೊಲಿಷನ್ ಎಂಬ ದೋಷಗಳ ಎಣಿಕೆ ಏರುತ್ತಿದ್ದರೆ ಕೇಬಲ್ ಬದಲಿಸಿ ಮತ್ತೆ ನೋಡಿ.

ನಿದ್ದೆಯಿಂದ ಎದ್ದ ಪ್ರಿಂಟರ್ ಅರ್ಧ ನಿಮಿಷ ನೆಟ್‌ವರ್ಕ್‌ನಲ್ಲಿ ಕಾಣದಿದ್ದರೆ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ ಕಾರಣ ಇರಬಹುದು. ಡೇಟಾ ನೆಟ್‌ವರ್ಕ್‌ನಲ್ಲಿ ಸುತ್ತುತ್ತಲೇ ಇರದಂತೆ ನೋಡಿಕೊಳ್ಳುವ ವ್ಯವಸ್ಥೆ ಅದು. ಹಳೆಯ ರೀತಿಯಲ್ಲಿ ಲಿಂಕ್ ಮೇಲೆದ್ದಾಗ 15 ಸೆಕೆಂಡ್ ಆಲಿಸಿ, 15 ಸೆಕೆಂಡ್ ಕಲಿತು, ಆಮೇಲೆ ದಾರಿ ಬಿಡುತ್ತದೆ. ಪ್ರಿಂಟರ್ ಇರುವ ಪೋರ್ಟ್‌ಗೆ ಮಾತ್ರ ಪೋರ್ಟ್‌ಫಾಸ್ಟ್ ಅಥವಾ ಎಡ್ಜ್ ಪೋರ್ಟ್ (ಕಾಯದೆ ಕೂಡಲೇ ದಾರಿ ಬಿಡುವ ಸೆಟ್ಟಿಂಗ್) ಹಾಕಿ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟ್‌ಗೆ ಎಂದೂ ಬೇಡ.

ಪ್ರಿಂಟರ್ ವೈಫೈನಲ್ಲಿದ್ದರೆ, ಲ್ಯಾಪ್‌ಟಾಪೂ ಅದೇ ಆಕ್ಸೆಸ್ ಪಾಯಿಂಟ್‌ನಲ್ಲಿದ್ದರೆ (ವೈಫೈ ಕೊಡುವ ಪೆಟ್ಟಿಗೆ), ಪ್ರತಿ ಪುಟವೂ ಗಾಳಿಯಲ್ಲಿ ಎರಡು ಸಲ ಹೋಗಬೇಕು. ಜೊತೆಗೆ ಒಂದು ತರಗತಿಯ ಟ್ಯಾಬ್ಲೆಟ್‌ಗಳೂ ಅಲ್ಲೇ ಇವೆ. ಪ್ರಿಂಟರ್ ಜಾಗ ಬದಲಿಸುವ ವಸ್ತು ಅಲ್ಲ, ಕೇಬಲ್ ಹಾಕಿಬಿಡಿ.

ಪ್ರಿಂಟರ್‌ನಲ್ಲಿ ಮೊದಲು ನೋಡಬೇಕಾದದ್ದು ಕಾಗದದ ಬಗೆ. ಪ್ರಮಾಣಪತ್ರ ಮುದ್ರಿಸಲು ಟ್ರೇಗೆ ದಪ್ಪ ಕಾಗದ ಅಂತ ಕೊಟ್ಟು, ಆಮೇಲೆ ಬದಲಿಸದೆ ಬಿಟ್ಟಿದ್ದರೆ ಲೇಸರ್ ಪ್ರಿಂಟರ್ ಪ್ರತಿ ಹಾಳೆಯನ್ನೂ ನಿಧಾನವಾಗಿ ಬಿಸಿ ಮಾಡುತ್ತದೆ. ಕ್ವಯಟ್ ಮೋಡ್ ಆನ್ ಆಗಿದ್ದರೆ ತೆಗೆಯಿರಿ. ನಿದ್ದೆಯ ಅವಧಿಯನ್ನು ಶಾಲೆಯ ವೇಳೆಗೆ ಹೊಂದಿಸಿ.

ಹಂತ 9: ಜನದಟ್ಟಣೆಗೆ ಎರಡು ಕ್ಯೂ

ಹಂತ 1ರ ಲೆಕ್ಕದಲ್ಲೇ ಪ್ರಿಂಟರ್ ಸಾಲದು ಅಂತ ಬಂದರೂ ಹೊಸದು ಕೊಳ್ಳುವ ಮೊದಲು ಇದನ್ನು ಮಾಡಿ. ಒಂದೇ ಪ್ರಿಂಟರ್‌ಗೆ ಸರ್ವರ್‌ನಲ್ಲಿ ಎರಡು ಕ್ಯೂ ಮಾಡಿ. ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಪ್ರಯಾರಿಟಿ 1ರಿಂದ 99ರವರೆಗೆ ಇರುತ್ತದೆ, 99 ಎಲ್ಲಕ್ಕಿಂತ ಮೇಲು. ದಿನದ ಸಣ್ಣ ಕೆಲಸಗಳ ಕ್ಯೂಗೆ 90 ಕೊಡಿ. ದೊಡ್ಡ ಕೆಲಸಗಳ ಕ್ಯೂಗೆ 1 ಕೊಟ್ಟು, ಅವೈಲೆಬಲ್ ಫ್ರಂ ಎಂಬಲ್ಲಿ ಶಾಲೆ ಬಿಟ್ಟ ನಂತರದ ಸಮಯ ತುಂಬಿ. ಶಿಕ್ಷಕರು 300 ಪುಟದ ಕೆಲಸವನ್ನು ಮಧ್ಯಾಹ್ನ ಕೊಟ್ಟರೂ ಅದು ಸಂಜೆ ಶುರುವಾಗುತ್ತದೆ. ಆಗಲೇ ಮುದ್ರಣ ಶುರುವಾದ ಕೆಲಸವನ್ನು ಪ್ರಯಾರಿಟಿ ನಿಲ್ಲಿಸುವುದಿಲ್ಲ ಎಂಬುದು ನೆನಪಿರಲಿ. ಸಂಜೆಯ ಕ್ಯೂಗೆ ಪ್ರಶ್ನೆಪತ್ರಿಕೆ ಕಳಿಸಬೇಡಿ, ಅದು ಯಾರೂ ಇಲ್ಲದ ಕೋಣೆಯಲ್ಲಿ ಟ್ರೇ ಮೇಲೆ ಬಿದ್ದಿರುತ್ತದೆ. ಪ್ರಿಂಟರ್ ಮುಂದೆ ನಿಂತು ಪಿನ್ ಒತ್ತಿದ ಮೇಲೆ ಮಾತ್ರ ಮುದ್ರಿಸುವ ಸೌಲಭ್ಯ ನಿಮ್ಮ ಮಾದರಿಯಲ್ಲಿದ್ದರೆ ಇಂಥ ಕೆಲಸಕ್ಕೆ ಅದನ್ನೇ ಬಳಸಿ.

ಇಷ್ಟೆಲ್ಲ ಆದ ಮೇಲೂ ನಿಧಾನವೇ ಇದ್ದರೆ ಸರ್ವಿಸ್ ಎಂಜಿನಿಯರನ್ನು ಕರೆಯಿರಿ. ಕರೆಯುವಾಗ ನಾಲ್ಕು ಸಮಯಗಳ ಪಟ್ಟಿ, ಕಾನ್ಫಿಗರೇಶನ್ ಪೇಜ್, ಆ ಕೆಲಸದ 307 ದಾಖಲೆ, ಡ್ರೈವರ್‌ನ ಹೆಸರು ಮತ್ತು ಆವೃತ್ತಿ, ಯುಎಸ್‌ಬಿಯಲ್ಲಿ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಮೊದಲೇ ಕಳಿಸಿ. ನಿಧಾನವಾಗುವ ಫೈಲನ್ನೂ ಕಳಿಸಬಹುದು, ಆದರೆ ಅದರಲ್ಲಿ ಮಕ್ಕಳ ಹೆಸರು, ಅಂಕ ಇದ್ದರೆ ಅವನ್ನು ತೆಗೆದೇ ಕಳಿಸಿ.